ಕಾಡುಪ್ರಾಣಿಯನ್ನು ಕಾಣುವ ಬಗೆ

ಆಫ್ರಿಕಾದ ಸೆರೆಂಗೆಟಿ ಬಯಲಿನಲ್ಲಿ ಮೋಟಾರು ವಾಹನವೇರಿ ಸಿಂಹ, ಜಿರಾಫೆಗಳನ್ನು ನೋಡಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಅಲ್ಲಿಗೆ ಹೋದ ಹೊಸಬರೂ ಬಂಡೆಯನ್ನು ಸಿಂಹವೆಂದು, ಸಿಂಹವನ್ನು ಬಂಡೆಯೆಂದು ಭ್ರಮಿಸುವುದುಂಟು. ಕಣ್ಣಿದ್ದ ಮಾತ್ರಕ್ಕೆ ಕಾಡುಪ್ರಾಣಿ ಕಾಣಿಸದು. ಕಾಣುವುದೂ ಒಂದು ವಿದ್ಯೆ. ಅದನ್ನು ಕಲಿಯಲು ಆಫ್ರಿಕಾದವರೆಗೆ ಹೋಗಬೇಕಾಗಿಲ್ಲ. ಒಂದು ಮುಂಜಾನೆ ಬಾಗಲಕೋಟೆ ಜಿಲ್ಲೆಯ ಕಮತಗಿಯಿಂದ ಹೊರಟ ನಮಗೆ ಅದರ ಮೊದಲ ಪಾಠ ದೊರೆಯಿತು.

ಬಾಗಲಕೋಟೆಯನ್ನು ಹಾದು, ಅನಗವಾಡಿಯ ಬಳಿ ಘಟಪ್ರಭೆಯನ್ನು ದಾಟಿದರೆ ಬೀಳಗಿಯ ಸೀಮೆ. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವಿದೆ. 2016ರಲ್ಲಿ ಘೋಷಿತವಾದ ಇದರ ವಿಸ್ತಾರ ಸುಮಾರು 96 ಚದರ ಕಿಲೋಮೀಟರ್. ಚಿಂಕಾರವು ಆಫ್ರಿಕಾದ ಗಜೆಲ್‌ಗಳ ಬಂಧು. ಭುಜದ ಬಳಿ ಅದರ ಎತ್ತರ ಸುಮಾರು 65 ಸೆಂಟಿಮೀಟರ್; ಆಡಿಗಿಂತ ಹೆಚ್ಚು ದೊಡ್ಡದಲ್ಲ. ಮೇವಿನಲ್ಲಿರುವ ತೇವ ಮತ್ತು ಇಬ್ಬನಿಯಿಂದಲೇ ನೀರಡಿಕೆ ನೀಗಿಕೊಂಡು ಅದು ಬಹುಕಾಲ ಬದುಕಬಲ್ಲುದು.

ಅನುಮತಿ ಪಡೆದು ಧಾಮದ ಅಂಚಿನ ದಾರಿಯಲ್ಲಿ ವಾಹನ ನಿಲ್ಲಿಸಿದೆವು. ದುರ್ಬೀನಿನಿಂದ ಗುಡ್ಡವನ್ನೆಲ್ಲ ಸರಸರನೆ ಶೋಧಿಸಿದೆವು. ಒಣಹುಲ್ಲು, ಕೆಂಗಲ್ಲು, ಜಾಲಿಯ ಪೊದೆ, ಬೇರೇನೂ ಕಾಣಲಿಲ್ಲ. ಆಗ ನಮ್ಮೊಡನಿದ್ದ ಕಮತಗಿಯ ಹಿರಿಯ ನೇಕಾರರೊಬ್ಬರು, "ಹಂಗ ಓಡಿಸಿ ನೋಡಿದ್ರ ಕಾಣೂದಿಲ್ರಿ. ಎಳಿ ಎಲ್ಲಿ ತಪ್ಪೇತಿ ಅಂತ ನೋಡ್ರಿ" ಎಂದರು. ಮಗ್ಗದ ಮುಂದೆ ಕುಳಿತವನು ಸಾವಿರಾರು ಎಳೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ಹಾಸಿನಲ್ಲಿ ಕಡಿದ ಎಳೆಯೊಂದೇ ಅವನ ಕಣ್ಣಿಗೆ ಬೀಳುತ್ತದೆ.

ಈ ಮಾತಿಗೆ ವಿಜ್ಞಾನದ ಆಧಾರವೂ ಉಂಟು. ನಮ್ಮ ಕಣ್ಣು ಅತ್ಯಂತ ಸ್ಪಷ್ಟವಾಗಿ ಕಾಣುವ ಪ್ರದೇಶ ಬಹಳ ಕಿರಿದು. ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟು ಮಾತ್ರ. ಸುತ್ತಲಿನ ದೃಷ್ಟಿ ಮಸುಕಾದರೂ ಚಲನೆಯನ್ನು ಬೇಗನೆ ಗುರುತಿಸುತ್ತದೆ. ಆದ್ದರಿಂದ ನೋಟವನ್ನು ಒಂದೆಡೆ ನಿಲ್ಲಿಸಿ, ಕಾದು, ಬಳಿಕ ಮುಂದಿನ ತುಣುಕಿಗೆ ಸಾಗಬೇಕು. ಇಡೀ ಪ್ರಾಣಿಯನ್ನು ಹುಡುಕದೆ ಅದರ ಅಂಗವೊಂದನ್ನು, ಎಂದರೆ ಅಲುಗುವ ಕಿವಿಯನ್ನೋ ನೆಟ್ಟಗಿನ ಕಡ್ಡಿಗಳ ನಡುವೆ ಅಡ್ಡವಾದ ಬೆನ್ನಿನ ಗೆರೆಯನ್ನೋ, ಹುಡುಕಬೇಕು.

ಚಿಂಕಾರದ ಬೆನ್ನು ಕಂದು, ಹೊಟ್ಟೆ ಬಿಳುಪು. ಬಿಸಿಲು ಬೆನ್ನನ್ನು ಬೆಳಗಿಸುತ್ತದೆ, ನೆರಳು ಹೊಟ್ಟೆಯನ್ನು ಕಪ್ಪಾಗಿಸುತ್ತದೆ. ಎರಡೂ ಸರಿದೂಗಿ, ಉರುಟಾದ ಮೈ ಚಪ್ಪಟೆಯಾಗಿ ತೋರಿ ನೆಲದಲ್ಲಿ ಬೆರೆತುಹೋಗುತ್ತದೆ. ಈ ಮರ್ಮವನ್ನು 1896ರಲ್ಲಿ ವಿವರಿಸಿದವನು ಅಮೆರಿಕದ ಚಿತ್ರಕಾರ ಅಬ್ಬಟ್ ಥೇಯರ್.

ನೇಕಾರರ ಮಾತಿನಂತೆ ಮತ್ತೆ ನೋಡಿದೆವು. ಕೆಂಗಲ್ಲೆಂದು ಬಗೆದಿದ್ದುದರ ಹಿಂಬದಿಯಲ್ಲಿ ಕರಿಯ ಬಾಲವೊಂದು ಪಟಪಟನೆ ಆಡಿತು! ಕಲ್ಲಿಗೆ ಕಿವಿ ಮೂಡಿತು, ಕೋಡು ಮೂಡಿತು. ಅದು ನಮ್ಮನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದಿತೋ! ಅದರ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಸುತ್ತಲಿನ ಬಹುಭಾಗ ಅದಕ್ಕೆ ಏಕಕಾಲದಲ್ಲಿ ಕಾಣುತ್ತದೆ. ನಮ್ಮಲ್ಲೊಬ್ಬರು ಅವಸರದಿಂದ ಬಾಗಿಲು ತೆರೆದರು. ಚಿಂಕಾರವು ಮುಂಗಾಲನ್ನು ನೆಲಕ್ಕೆ ಬಡಿದು, ಸೀನಿದಂತೆ ಸದ್ದು ಮಾಡಿ, ಕ್ಷಣದಲ್ಲಿ ಮರೆಯಾಯಿತು. ವಾಹನದೊಳಗೆ ಸುಮ್ಮನೆ ಕುಳಿತವರನ್ನು ಸಹಿಸುವ ಪ್ರಾಣಿಯು ಕೆಳಗಿಳಿದ ಮನುಷ್ಯನ ಆಕಾರ ಕಂಡೊಡನೆ ಓಡುತ್ತದೆ. ಸೆರೆಂಗೆಟಿಯಲ್ಲಿಯೂ ಇದೇ ನಿಯಮ.

ಹಿಂದಿರುಗುವಾಗ ಒಂದು ಯೋಚನೆ ನಮ್ಮನ್ನು ಕಾಡಿತು. ಇಂಥ ಕುರುಚಲು ನೆಲವನ್ನು ನಾವು 'ಪಾಳು ಭೂಮಿ' ಎಂದು ಕರೆಯುತ್ತೇವೆ. ಏನೂ ಕಾಣದ ಕಡೆ ಏನೂ ಇಲ್ಲವೆಂದು ಬಗೆದು ಉಳುತ್ತೇವೆ, ಕಲ್ಲು ಒಡೆಯುತ್ತೇವೆ. ಹುಲ್ಲೆಗಳನ್ನು ಅಟ್ಟಿ ಹಿಡಿಯುತ್ತಿದ್ದ ಚೀತಾ ಭಾರತದಲ್ಲಿ ಅಳಿಯಿತೆಂದು 1952ರಲ್ಲಿ ಸಾರಲಾಯಿತು. ಎಪ್ಪತ್ತು ವರ್ಷಗಳ ಬಳಿಕ, 2022ರಲ್ಲಿ, ನಮೀಬಿಯದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತರಬೇಕಾಯಿತು. ಚಿಂಕಾರ ನಮ್ಮಲ್ಲಿ ಇನ್ನೂ ಇದೆ.

ವಿದ್ಯಾರ್ಥಿಮಿತ್ರರೇ, ನಿಮ್ಮ ಊರಿನ ಗುಡ್ಡವನ್ನೊಮ್ಮೆ ಸೂರ್ಯೋದಯದ ಹೊತ್ತಿಗೆ ನೋಡಿರಿ. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರಲಿ. ನಿಮ್ಮ ವಾಸನೆ ಪ್ರಾಣಿಗಳತ್ತ ಹೋಗಬಾರದು. ಕದಲದೆ ಅರ್ಧ ಗಂಟೆ ಕುಳಿತಿರಿ. ಕಂಡುದನ್ನು ದಿನಾಂಕದೊಡನೆ ಬರೆದಿಡಿರಿ. ಮೊದಲ ದಿನ ಏನೂ ಕಾಣದಿದ್ದರೆ ಮರುದಿನವೂ ಹೋಗಿರಿ.