ಮಣ್ಣು ಓದುವ ಮಾಸ್ತರರು

"ಬಂಗಾರ ಏನರ ಸಿಕ್ತೇನ್ರೀ ಸಾಹೇಬ್ರ?"

ನವಲಗುಂದ ತಾಲೂಕಿನ ಎರೆಹೊಲದಲ್ಲಿ ಗುಂಡಿ ತೋಡಿ ಕುಳಿತವರನ್ನು ದಾರಿಹೋಕರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ನಾವು ಚಿತ್ರೀಕರಣಕ್ಕೆಂದು ಹೋಗಿದ್ದ ದಿನ ಬೆಳಿಗ್ಗೆ ಹತ್ತರೊಳಗೆ ನಾಲ್ಕು ಸಲ ಈ ಪ್ರಶ್ನೆ ಬಂತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ನಾಲ್ಕು ಸಲವೂ ಬೇಸರವಿಲ್ಲದೆ, "ಬೋಕಿ ಚೂರು ಸಿಕ್ಕಾವ್ರೀ ಕಾಕಾ, ಬರ್ರಿ, ನೋಡ್ರಿ" ಎಂದು ಕರೆದು ತೋರಿಸಿದರು. ನೋಡಿದವರು ನಕ್ಕು ಹೋದರು. ಒಬ್ಬ ಹಿರಿಯರು ಮಾತ್ರ ನಿಂತು, "ಇಂಥಾವು ನಮ್ಮ ಹೊಲದಾಗ ಚೀಲಗಟ್ಟಲೆ ಅದಾವ" ಎಂದರು. ಪ್ರಾಧ್ಯಾಪಕರು ತಕ್ಷಣ ಟಿಪ್ಪಣಿ ಪುಸ್ತಕ ತೆಗೆದು ಹೊಲದ ಗುರುತು ಕೇಳಿ ಬರೆದುಕೊಂಡರು. ಅವರ ಕ್ಷೇತ್ರಕಾರ್ಯದ ಅರ್ಧಭಾಗ ಇಂಥ ಮಾತುಕತೆಯೇ ಎಂಬುದು ನನಗೆ ಆಮೇಲೆ ತಿಳಿಯಿತು.

ನಾವು ನಿಂತಿದ್ದುದು ಒಂದು ಹಾಳೂರಿನ ದಿಬ್ಬದ ಮೇಲೆ. ಕಂದಾಯ ದಾಖಲೆಗಳಲ್ಲಿ ಇಂಥ ಊರುಗಳನ್ನು 'ಬೇಚಿರಾಕ್' ಗ್ರಾಮ ಎಂದು ಬರೆಯುತ್ತಾರೆ. ದೀಪವಿಲ್ಲದ ಊರು ಎಂದು ಆ ಪಾರಸಿ ಮಾತಿನ ಅರ್ಥ. ಜನ ಶತಮಾನಗಟ್ಟಲೆ ಒಂದೇ ಜಾಗದಲ್ಲಿ ಮನೆ ಕಟ್ಟಿ, ಬಿದ್ದಾಗ ಅದರ ಮೇಲೆಯೇ ಮತ್ತೆ ಕಟ್ಟಿ, ಬೂದಿ ಸುರಿದು, ಸಗಣಿ ಸಾರಿಸಿ ಬಾಳಿದ್ದರಿಂದ ನೆಲ ಎತ್ತರವಾಗಿರುತ್ತದೆ. ಬೂದಿ, ಸಗಣಿಗಳ ದೆಸೆಯಿಂದ ಆ ಮಣ್ಣು ಫಲವತ್ತಾದುದೂ ಹೌದು. ಮೇಲ್ಮುದ್ದಿ ಮನೆಗಳ ಮಾಳಿಗೆಗೆಂದು 'ಹಾಳಮಣ್ಣ'ನ್ನು ಚಕ್ಕಡಿಗಳಲ್ಲಿ ಹೇರಿಕೊಂಡು ಹೋಗುವುದು ಈ ಭಾಗದ ಹಳೆಯ ರೂಢಿ. ಈಗ ಟ್ರ್ಯಾಕ್ಟರುಗಳಲ್ಲಿ ಹೊಲಗಳಿಗೂ ಹೋಗುತ್ತದೆ. ಮಣ್ಣು ಬೇಕಾದ ರೈತನನ್ನು ದೂರಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಆ ಮಣ್ಣಿನ ಜೊತೆ ಏನು ಹೋಗುತ್ತದೆ ಎಂಬುದು ಅಂದು ಮಧ್ಯಾಹ್ನ, ನನ್ನದೇ ತಪ್ಪಿನಿಂದ, ನನಗೆ ಅರ್ಥವಾಯಿತು.

ವಿದ್ಯಾರ್ಥಿನಿಯೊಬ್ಬಳು ಕರಣಿಯಿಂದ ಮಣ್ಣು ಕೆರೆಯುತ್ತಿದ್ದಾಗ ಗಡಿಗೆಯ ಕಂಠದ ದೊಡ್ಡದೊಂದು ಚೂರು ಕಾಣಿಸಿತು. ಆಕೆ ಅಳತೆ ಬರೆದು, ಪ್ರಾಧ್ಯಾಪಕರು ಛಾಯಾಚಿತ್ರ ತೆಗೆದು, ಚೂರನ್ನು ಮೇಲೆತ್ತಿದರು. ನಮ್ಮ ಛಾಯಾಗ್ರಾಹಕರು ಆ ಹೊತ್ತಿಗೆ ಕ್ಯಾಸೆಟ್ ಬದಲಿಸುತ್ತಿದ್ದರು. "ಸರ್, ಅದನ್ನು ಇನ್ನೊಮ್ಮೆ ಮಣ್ಣಿನಲ್ಲಿಟ್ಟು ತೆಗೆದರೆ ಚೆನ್ನಾಗಿತ್ತು" ಎಂದೆ. ಪ್ರಾಧ್ಯಾಪಕರು ಸಿಟ್ಟಾಗಲಿಲ್ಲ. "ಇನ್ನೊಮ್ಮೆ ಇಡಾಕ ಬರೂದಿಲ್ರಿ. ನಮ್ಮ ಕೆಲಸದಾಗ ರೀಟೇಕ್ ಇಲ್ಲ" ಎಂದರು.

ವಿಜ್ಞಾನ ಓದಿದವನಾದ ನನಗೆ ಈ ಮಾತು ನಾಟಿತು. ಪ್ರಯೋಗಶಾಲೆಯಲ್ಲಿ ಪ್ರಯೋಗ ಕೆಟ್ಟರೆ ಮತ್ತೆ ಮಾಡಬಹುದು. ಉತ್ಖನನವಾದರೋ ಪುಟ ಓದುತ್ತಲೇ ಅದನ್ನು ಹರಿದು ಹಾಕುವ ಓದು. ಕೆಳಗಿನ ಪದರ ಮೊದಲಿನದು, ಮೇಲಿನದು ನಂತರದ್ದು. ಯಾವ ವಸ್ತು ಯಾವ ಪದರದಲ್ಲಿ ಯಾವುದರ ಪಕ್ಕದಲ್ಲಿತ್ತು ಎಂಬುದೇ ಅದರ ಸಾಕ್ಷ್ಯ. ಜಾಗ ತಪ್ಪಿದ ಗಡಿಗೆ ಬರೀ ಗಡಿಗೆ. ಆದ್ದರಿಂದಲೇ ಗುಂಡಿಯನ್ನು ನೂಲು ಹಿಡಿದಂತೆ ಚೌಕಾಕಾರವಾಗಿ ತೋಡಿ ಗೋಡೆಗಳನ್ನು ನೇರವಾಗಿ ಬಿಡುತ್ತಾರೆ. ಪದರಗಳು ಆ ಗೋಡೆಯ ಮೇಲೆ ಬಣ್ಣದ ಪಟ್ಟೆಗಳಂತೆ ಕಾಣುತ್ತವೆ.

ಬೋಕಿ ಚೂರಿಗೂ ಮಾತಿದೆ. ಅಂದು ಕಂಡ ಚೂರು ಒಳಗೆ ಕಪ್ಪು, ಹೊರಗೆ ಕೆಂಪು. ದಕ್ಷಿಣ ಭಾರತದ ಕಬ್ಬಿಣಯುಗದಲ್ಲಿ ಇಂಥ ಮಡಿಕೆಗಳು ಹೇರಳ. ಮಡಿಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಭಾಗಕ್ಕೆ ಗಾಳಿ ಸಿಗದೆ ಕಪ್ಪಾಗುತ್ತದೆ. ಗಾಳಿ ಸಿಕ್ಕ ಹೊರಭಾಗದಲ್ಲಿ ಜೇಡಿಯೊಳಗಿನ ಕಬ್ಬಿಣದ ಅಂಶ ಆಮ್ಲಜನಕದೊಡನೆ ಕೂಡಿ ಕೆಂಪಾಗುತ್ತದೆ. ಸಾವಿರಾರು ವರ್ಷಗಳ ಹಿಂದಿನ ಕುಂಬಾರನ ಕೈಚಳಕ ಹೀಗೆ ಚೂರಿನಲ್ಲಿ ಉಳಿದಿರುತ್ತದೆ.

ಆದರೆ ಪ್ರಾಧ್ಯಾಪಕರಿಗೆ ದಿಬ್ಬದ ಮೇಲೆ ಸಿಗುವ ದಿನಗಳು ವರ್ಷಕ್ಕೆ ಕೆಲವೇ. ಪಾಠ, ಪರೀಕ್ಷೆ, ಉತ್ತರಪತ್ರಿಕೆಗಳು ಎಲ್ಲ ಅಧ್ಯಾಪಕರಂತೆ ಅವರಿಗೂ ಇವೆ. ಉತ್ಖನನಕ್ಕೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು, ಹಣ ಬೇಕು, ಹೊಲದವರ ಒಪ್ಪಿಗೆ ಬೇಕು. ಹಿಂಗಾರಿನ ಜೋಳ, ಕಡಲೆ ಕೊಯ್ಲಾಗುವ ತನಕ ಹೊಲಕ್ಕೆ ಕಾಲಿಡುವಂತಿಲ್ಲ. ಮಳೆ ಬಿದ್ದರೆ ಎರೆಮಣ್ಣು ಜೀಪಿನ ಗಾಲಿಯನ್ನೇ ಹಿಡಿದುಕೊಳ್ಳುತ್ತದೆ. ನಡುವೆ ಉಳಿಯುವುದು ಸುಡುಬಿಸಿಲಿನ ಕೆಲವು ವಾರ. ಸಂಜೆ ಚೂರುಗಳನ್ನು ತೊಳೆದು ಒಣಗಿಸಿ, ಪ್ರತಿಯೊಂದರ ಮೇಲೂ ಊರು, ಗುಂಡಿ, ಪದರಗಳ ಸಂಕೇತವನ್ನು ಶಾಯಿಯಲ್ಲಿ ಬರೆಯಬೇಕು. ಕೆಲವು ವಾರದ ಅಗೆತಕ್ಕೆ ವರ್ಷಗಳ ಬರವಣಿಗೆ.

ಆ ಶ್ರಮಕ್ಕೆ ಫಲವೇನು ಎಂಬುದಕ್ಕೆ ಹಳ್ಳೂರು ಒಳ್ಳೆಯ ಉದಾಹರಣೆ. ತುಂಗಭದ್ರೆಯ ದಂಡೆಯ ಈ ಊರು ಅವಿಭಜಿತ ಧಾರವಾಡ ಜಿಲ್ಲೆಯಲ್ಲಿತ್ತು. 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಡಾ. ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ಕಬ್ಬಿಣ ಕಾಣಿಸಿಕೊಂಡ ಪದರದ ಇದ್ದಿಲಿನ ಪರೀಕ್ಷೆಯಿಂದ ಕ್ರಿ.ಪೂ. 1000ದ ಆಸುಪಾಸಿಗೇ ಇಲ್ಲಿ ಕಬ್ಬಿಣ ಬಳಕೆಯಲ್ಲಿತ್ತೆಂದು ತಿಳಿಯಿತು. ಅಲ್ಲಿನ ಪ್ರಾಣಿಗಳ ಎಲುಬುಗಳನ್ನು ಪರೀಕ್ಷಿಸಿದವರು ಪಶುವೈದ್ಯ ವಿಜ್ಞಾನಿ ಕೆ.ಆರ್. ಆಲೂರರು. ಕೆಲವು ಕುದುರೆಯ ಎಲುಬುಗಳೆಂದು ಅವರು ಗುರುತಿಸಿದ್ದು ದೊಡ್ಡ ಚರ್ಚೆಗೇ ಕಾರಣವಾಯಿತು. ಆ ಚರ್ಚೆಯಲ್ಲಿ ಪಕ್ಷ ಹಿಡಿಯುವುದು ನನ್ನ ಕೆಲಸವಲ್ಲ. ಎಲುಬಿನ ಜೊತೆ ಪದರದ ದಾಖಲೆಯೂ ಇದ್ದುದರಿಂದ ಚರ್ಚೆ ಸಾಧ್ಯವಾಯಿತು ಎಂಬುದಷ್ಟೇ ನನ್ನ ಮಾತು.

ಅಣ್ಣಿಗೇರಿಯಲ್ಲಿ ಹೀಗಾಗಲಿಲ್ಲ. ಅಮೃತೇಶ್ವರ ದೇವಾಲಯದ, ಆದಿಕವಿ ಪಂಪನ ನೆನಪಿನ ಆ ಊರಿನಲ್ಲಿ 2010ರ ಆಗಸ್ಟ್‌ನಲ್ಲಿ ಚರಂಡಿ ಕಾಮಗಾರಿ ನಡೆದಾಗ ಮನುಷ್ಯರ ತಲೆಬುರುಡೆಗಳು ಹೊರಬಿದ್ದವು. ಒಂದೆರಡಲ್ಲ, ನೂರಾರು. ಅದೂ ಜೋಡಿಸಿಟ್ಟಂತೆ. ಸುದ್ದಿ ಹಬ್ಬಿ ಜನ ಸೇರಿದರು. ಯುದ್ಧವೆಂದರು ಕೆಲವರು, ಬರಗಾಲವೆಂದರು ಕೆಲವರು. ತಜ್ಞರು ಬರುವ ಹೊತ್ತಿಗೆ ಚರಂಡಿ ತೋಡಿದಷ್ಟು ಜಾಗದ ಪದರಗಳು ಹೋಗಿದ್ದವು.

ಬುರುಡೆಗಳ ಮಾದರಿಗಳನ್ನು ಕಾಲನಿರ್ಣಯಕ್ಕೆ ಕಳುಹಿಸಲಾಯಿತು. ಜೀವಿಗಳ ದೇಹದಲ್ಲಿ ಇಂಗಾಲ–14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಸತ್ತ ಮೇಲೆ ಹೊಸದಾಗಿ ಸೇರುವುದು ನಿಂತು, ಇದ್ದದ್ದು ಸುಮಾರು 5,730 ವರ್ಷಗಳಿಗೆ ಅರ್ಧದಷ್ಟಾಗುತ್ತದೆ. ಉಳಿದದ್ದನ್ನು ಅಳೆದು ವಯಸ್ಸು ಹೇಳಬಹುದು, ಒಂದಿಷ್ಟು ವರ್ಷ ಹಿಂದೆ ಮುಂದೆ ಎಂಬ ಎಚ್ಚರಿಕೆಯೊಡನೆ. ಬುರುಡೆಗಳು ಆರು ಶತಮಾನಕ್ಕೂ ಹಳೆಯವು ಎಂಬ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಆದರೆ ಯಾವಾಗ ಎಂಬುದಕ್ಕೆ ಪ್ರಯೋಗಶಾಲೆ ಉತ್ತರ ಕೊಟ್ಟೀತು. ಏಕೆ ಎಂಬುದನ್ನು ಸುತ್ತಲಿನ ಮಣ್ಣೇ ಹೇಳಬೇಕು. ಯಾರು ಅವರು, ದೇಹಗಳೆಲ್ಲಿ, ತಲೆಗಳನ್ನು ಮಾತ್ರ ಇಟ್ಟವರಾರು?

ಈ ಪ್ರಶ್ನೆಗಳನ್ನು ನಾನು ದಿಬ್ಬದ ಮೇಲೆ ಪ್ರಾಧ್ಯಾಪಕರನ್ನು ಕೇಳಿದೆ. ನನಗೆ ಬೇಕಾಗಿದ್ದುದು ಪ್ರಸಾರಕ್ಕೆ ಒಪ್ಪುವ ಒಂದು ಖಚಿತ ವಾಕ್ಯ. "ಗೊತ್ತಿಲ್ರಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ಕತ್ತರಿಸಬ್ಯಾಡ್ರಿ ಮತ್ತ" ಎಂದೂ ಸೇರಿಸಿದರು. ಕತ್ತರಿಸಲಿಲ್ಲ, ಕಾರ್ಯಕ್ರಮದಲ್ಲಿ ಆ ಮಾತು ಹಾಗೆಯೇ ಪ್ರಸಾರವಾಯಿತು.

ಮುಂಗಾರಿಗೆ ಮೊದಲು ಗುಂಡಿ ಮುಚ್ಚಿ ಹೊಲವನ್ನು ಒಡೆಯರಿಗೆ ಒಪ್ಪಿಸಿದರೆಂದು ತಿಳಿಯಿತು. ಚೀಲಗಟ್ಟಲೆ ಬೋಕಿ ಇದೆಯೆಂದಿದ್ದ ಹಿರಿಯರು ಒಂದು ಸಂಜೆ ಧಾರವಾಡಕ್ಕೇ ಬಂದು ವಿಭಾಗದ ಬಾಗಿಲಲ್ಲಿ ನಿಂತಿದ್ದರಂತೆ, ಕೈಯಲ್ಲೊಂದು ಗೊಬ್ಬರದ ಚೀಲ. ಪ್ರಾಧ್ಯಾಪಕರು ಅವರನ್ನು ಕೂಡಿಸಿ, ಚಹಾ ತರಿಸಿ, ಚೀಲ ಬಿಚ್ಚುವ ಮೊದಲೇ ಕೇಳಿದರಂತೆ: "ಕಾಕಾ, ಇವು ಹೊಲದಾಗ ಯಾವ ಕಡೆ ಸಿಕ್ಕಾವ್ರಿ?"