ಕೂಸಿನ ಮನೆಯಲ್ಲಿ ಕೂಸು ಬಿದ್ದರೆ ಉತ್ತರ ಕೊಡೋರು ಯಾರು?

ಮೂರು ವರ್ಷದೊಳಗಿನ ಮಕ್ಕಳು ಬೀಳುತ್ತವೆ. ಕಟ್ಟೆ ಮೇಲಿಂದ, ಹೊಸ್ತಿಲು ಎಡವಿ, ಕೆಲವೊಮ್ಮೆ ಏನೂ ಇಲ್ಲದ ಸಪಾಟು ನೆಲದ ಮೇಲೂ. ಅವ್ವನ ಕಣ್ಣೆದುರು ಬಿದ್ದರೆ ಅದು ಸುದ್ದಿಯೇ ಅಲ್ಲ. ಅದೇ ಮಗು ಬೇರೆಯವರ ಸುಪರ್ದಿಯಲ್ಲಿದ್ದಾಗ ಬಿದ್ದರೆ, ಹಣೆ ಮೇಲಿನ ಅಡಿಕೆ ಗಾತ್ರದ ಬುಗುಟು ಸಂಜೆಯೊಳಗೆ ಓಣಿ ಜಗಳ ಆಗಬಹುದು. ಮಗು ನೋಡಿಕೊಳ್ಳೋ ಹೆಂಗಸಿನ ಮೇಲಿನ ನಂಬಿಕೆ ಹೋಗಬಹುದು. ಮಗುವಿನ ಅವ್ವ ಮರುದಿನದಿಂದ ಕೆಲಸಕ್ಕೆ ಹೋಗೋದನ್ನೇ ಬಿಡಬಹುದು. ಈ ಕೊನೆಯದು ನಮ್ಮ ರಾಜಕೀಯ ಚರ್ಚೆಗಳಲ್ಲಿ ಎಲ್ಲೂ ಲೆಕ್ಕಕ್ಕೆ ಬರಲ್ಲ.

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹೆಸರು ಬೆಂಗಳೂರಿನ ನ್ಯೂಸ್‌ರೂಮುಗಳಲ್ಲಿ ಕೇಳಿಬರೋದು ಚುನಾವಣೆ ಬಂದಾಗ, ಇಲ್ಲಾ ವರದಾ ನದಿ ತುಂಬಿ ಹರಿದಾಗ. ಉಳಿದ ದಿನಗಳಲ್ಲಿ ಅಲ್ಲಿ ನಡೆಯೋದು ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಹಾನಗಲ್ ಕಡೆ ಭತ್ತ. ಕಳೆ ತೆಗೆಯೋದು, ಕಾಯಿ ಬಿಡಿಸೋದು, ನಾಟಿ ಹಚ್ಚೋದು ಬಹುಪಾಲು ಹೆಣ್ಣಾಳುಗಳ ಕೆಲಸ. ಬೆಳಗ್ಗೆ ಅವರು ಹೊಲಕ್ಕೋ, ಖಾತ್ರಿ ಕೆಲಸಕ್ಕೋ ಹೋದರೆ ಕೂಸು ಎಲ್ಲಿ? ಮೊದಲಿಂದಲೂ ಉತ್ತರ ಒಂದೇ ಇತ್ತು: ಓಣಿಯ ಒಬ್ಬ ಅಜ್ಜಿಯ ಹತ್ತಿರ. ಒಂದಿಷ್ಟು ದುಡ್ಡೋ, ಜೋಳವೋ ಕೊಟ್ಟರಾಯಿತು.

2023ರಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯೋದಾಗಿ ಹೇಳಿದ ಮೇಲೆ ಇನ್ನೊಂದು ಉತ್ತರ ಸೇರಿತು. ಕೂಲಿಗೆ ಹೋಗೋ ಹೆಂಗಸರ ಪುಟ್ಟ ಮಕ್ಕಳನ್ನ ಹಗಲು ಹೊತ್ತು ನೋಡಿಕೊಳ್ಳೋ ಶಿಶುಪಾಲನಾ ಕೇಂದ್ರ ಇದು. ನೋಡಿಕೊಳ್ಳೋರೂ ಅದೇ ಊರಿನ, ಜಾಬ್ ಕಾರ್ಡ್ ಇರೋ ಹೆಂಗಸರೇ. ಅವರಿಗೆ ತರಬೇತಿ ಕೊಟ್ಟು, ನರೇಗಾ ದಿನಗೂಲಿ ಲೆಕ್ಕದಲ್ಲಿ ಸಂಬಳ. 2025–26ರಲ್ಲಿ ಕರ್ನಾಟಕದಲ್ಲಿ ಆ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬದು ನಿರ್ಮಾಣಕ್ಕೆ ಮಣ್ಣು ಅಗೆಯೋ ಕೂಲಿಯೂ ಅಷ್ಟೇ, ಹತ್ತಾರು ಕೂಸುಗಳ ಜೀವ ಕಾಯೋ ಕೂಲಿಯೂ ಅಷ್ಟೇ. ಮಣ್ಣು ಅಗೆಯೋದು ಸುಲಭ ಅಂತಲ್ಲ. ಆದರೆ ಮಕ್ಕಳನ್ನ ನೋಡಿಕೊಳ್ಳೋದಕ್ಕೆ ಕಲಿಕೆ ಬೇಕು ಅನ್ನೋದನ್ನ ಆ ಕೂಲಿ ದರ ಒಪ್ಪಿಕೊಳ್ಳೋದೇ ಇಲ್ಲ.

ಏನು ಕಲಿಕೆ ಬೇಕು ಅನ್ನೋದಕ್ಕೆ ಆ ಬುಗುಟನ್ನೇ ತಗೊಳ್ಳಿ. ಮಗು ತಲೆ ಬಡಿದುಕೊಂಡಿತು, ಕಿರುಚಿ ಅತ್ತಿತು. ಕೂಡಲೇ ಅಳೋದು ಒಳ್ಳೆಯ ಲಕ್ಷಣ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನ ಮೆತ್ತಗೆ ಒತ್ತಿ ಹಿಡಿದರೆ ಸಾಕು, ತಿಕ್ಕಬಾರದು. ನಿಜವಾದ ಕೆಲಸ ಶುರುವಾಗೋದು ಅಳು ನಿಂತ ಮೇಲೆ. ಮತ್ತೆ ಮತ್ತೆ ವಾಂತಿ, ಮಂಕು, ಫಿಟ್ಸ್, ಕಿವಿ ಅಥವಾ ಮೂಗಿಂದ ನೀರಿನಂಥ ದ್ರವ, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ, ಸಮಾಧಾನವೇ ಆಗದ ಅಳು, ಇವುಗಳಲ್ಲಿ ಯಾವುದೊಂದು ಕಂಡರೂ 108. ಎರಡು ವರ್ಷದೊಳಗಿನ ಮಗು ಮೂರಡಿಗಿಂತ ಎತ್ತರದಿಂದ ಬಿದ್ದಿದ್ದರೆ ಲಕ್ಷಣ ಕಾಯೋದೇ ಬೇಡ, ಡಾಕ್ಟರಿಗೆ ತೋರಿಸಬೇಕು.

ಇಲ್ಲೊಂದು ತೊಡಕಿದೆ. ಮಧ್ಯಾಹ್ನ ಊಟ ಆದ ಮೇಲೆ ಮಕ್ಕಳೆಲ್ಲ ಮಲಗುತ್ತವೆ. ಬಿದ್ದ ಮಗುವೂ ಮಲಗುತ್ತೆ. ಇದು ನಿದ್ದೆಯೋ, ಮಂಕೋ? ಮಲಗಿಸಲೇಬಾರದು ಅನ್ನೋ ಹಳೇ ಮಾತನ್ನ ಪಾಲಿಸೋ ಅಗತ್ಯ ಇಲ್ಲ. ತಾಸಿಗೊಮ್ಮೆ ಕೆನ್ನೆ ಮುಟ್ಟಿ ಎಬ್ಬಿಸಿ ನೋಡಬೇಕು. ಮುಖ ಸಿಂಡರಿಸಿ, ಕೈ ತಳ್ಳಿ, ಮಗ್ಗುಲಾದರೆ ಅದು ನಿದ್ದೆ. ಎಷ್ಟು ಅಲ್ಲಾಡಿಸಿದರೂ ಕೈಕಾಲು ಜೋತುಬಿದ್ದೇ ಇದ್ದರೆ ಆಸ್ಪತ್ರೆಗೆ ಓಡಬೇಕು. ಆ ಮಗು ಮಾಮೂಲಿಯಾಗಿ ಹೇಗೆ ಏಳುತ್ತೆ ಅಂತ ಗೊತ್ತಿದ್ದವರಿಗೆ ಮಾತ್ರ ಈ ವ್ಯತ್ಯಾಸ ಬೇಗ ಗೊತ್ತಾಗುತ್ತೆ. ಖಾತ್ರಿ ಕೆಲಸಕ್ಕೆ ಒಂದು ಕುಟುಂಬಕ್ಕೆ ವರ್ಷಕ್ಕೆ ಇಷ್ಟೇ ದಿನ ಅನ್ನೋ ಮಿತಿ ಇದೆ. ಹಾಗಾಗಿ ಕೂಸಿನ ಮನೆಯಲ್ಲಿ ಹಲವರು ಸರದಿ ಮೇಲೆ ಕೆಲಸ ಮಾಡಬೇಕು. ತಲೆ ಪೆಟ್ಟಿನ ಮೇಲೆ ಕಣ್ಣಿಡಬೇಕಾದ್ದು 48 ಗಂಟೆ. ನಾಳೆ ಸರದಿ ಬದಲಾದರೆ, ಇವತ್ತು ಕಂಡವಳಿಗೂ ನಾಳೆ ನೋಡುವವಳಿಗೂ ನಡುವೆ ಇರೋದು ಬರೀ ಬಾಯಿಮಾತು.

ನಾನು ಓದಿದ್ದು ಎಂಜಿನಿಯರಿಂಗ್. ಸುಟ್ಟ ಗಾಯದ ವಿಷಯ ನನಗೆ ಅರ್ಥವಾಗೋದೇ ಶಾಖದ ಲೆಕ್ಕದಲ್ಲಿ. ರೊಟ್ಟಿ ಹಂಚಿಗೆ ಬೆರಳು ತಾಗಿತು, ಬಿಸಿ ಚಹಾ ಕಾಲ ಮೇಲೆ ಚೆಲ್ಲಿತು ಅಂದುಕೊಳ್ಳಿ. ಬಿಸಿ ವಸ್ತು ದೂರ ಆದರೂ ಚರ್ಮದೊಳಗೆ ಹೊಕ್ಕ ಶಾಖ ಕೆಳಗಿನ ಪದರಗಳನ್ನ ಸುಡುತ್ತಲೇ ಇರುತ್ತೆ. ಅದನ್ನ ಹೊರಗೆಳೆಯಬೇಕು ಅಂದರೆ ಸಾಧಾರಣ ತಣ್ಣನೆಯ ನೀರನ್ನ 20 ನಿಮಿಷ ಸುರಿಯುತ್ತಲೇ ಇರಬೇಕು. ಎರಡು ಚೊಂಬು ನೀರು ಹೊಯ್ದು ಬಿಟ್ಟರೆ ಸಾಲದು. ಐಸ್ ಬೇಡ, ಅದು ಚರ್ಮಕ್ಕೆ ಇನ್ನೊಂದು ಪೆಟ್ಟು. ಟೂತ್‌ಪೇಸ್ಟ್, ಇಂಕು, ಕಾಫಿ ಪುಡಿ ಮೆತ್ತಿದರೆ ಶಾಖ ಒಳಗೇ ಉಳಿಯುತ್ತೆ, ಮೇಲೆ ಆಸ್ಪತ್ರೆಯಲ್ಲಿ ಅದನ್ನ ಕೆರೆದು ತೆಗೆಯುವಾಗ ಮಗುವಿಗೆ ಎರಡನೇ ಸಲ ನರಕ. ನೀರು ಸುರಿಯುವಾಗ ಮಗುವಿನ ಉಳಿದ ಮೈ ಬೆಚ್ಚಗೆ ಹೊದಿಸಿರಬೇಕು. ಗಾಯ ಆ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಬೊಕ್ಕೆ ಎದ್ದರೆ, ಮುಖ, ಕೈ, ಕೀಲು, ಗುಪ್ತಾಂಗದ ಮೇಲಾಗಿದ್ದರೆ ಡಾಕ್ಟರು ನೋಡಲೇಬೇಕು.

ತರಚಿದ ಮೊಣಕಾಲಿನ ಬಗ್ಗೆ ಹೆಚ್ಚು ಹೇಳೋದಿಲ್ಲ. ಕುಡಿಯೋ ನೀರಲ್ಲಿ ಮಣ್ಣು ಪೂರ್ತಿ ಹೋಗೋ ತನಕ ತೊಳೆಯೋದು, ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯೋದು, ನಡುನಡುವೆ ಎತ್ತಿ ನೋಡದೇ ಇರೋದು. ಧನುರ್ವಾಯು ಭಯಕ್ಕೆ ಉತ್ತರ ತಾಯಿ ಕಾರ್ಡಿನಲ್ಲಿದೆ: ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಪೆಂಟಾವೇಲೆಂಟ್, 16ರಿಂದ 24 ತಿಂಗಳೊಳಗಿನ ಡಿಪಿಟಿ ಬೂಸ್ಟರ್. ಆ ಪುಟದ ಒಂದು ಫೋಟೊ ಕೂಸಿನ ಮನೆಯ ಮೊಬೈಲಲ್ಲಿ ಇದ್ದರೆ ಅರ್ಧ ಗಾಬರಿ ಕಡಿಮೆ.

ಇನ್ನು ಈ ಸೀಮೆಯ ವಿಶೇಷಗಳು. ಗೋವಿನಜೋಳ ಒಕ್ಕೋ ಕಾಲದಲ್ಲಿ ಕಾಳು ಮೂಗಿಗೆ, ಕಿವಿಗೆ ಹೋಗುತ್ತೆ. ಪಿನ್ನು, ಕಡ್ಡಿ ಹಾಕಿದರೆ ಇನ್ನೂ ಒಳಕ್ಕೆ. ಕಿವಿಗೆ ನೀರು ಬಿಟ್ಟರೆ ಒಣ ಕಾಳು ಉಬ್ಬಿಕೊಳ್ಳುತ್ತೆ. ಅದನ್ನ ಮುಟ್ಟದೆ ತಾಲೂಕು ಆಸ್ಪತ್ರೆಗೆ ಒಯ್ಯೋದೇ ಸರಿ. ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದು, ಮಗು ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಮೊದಲು ಮಗುವಿನ ಕೈಯನ್ನ, ಜೊತೆಗೆ ನಮ್ಮ ಕೈಯನ್ನ ಸೋಪಿನಲ್ಲಿ ತೊಳೆದು, ಆಮೇಲೆ ಕಣ್ಣಿಗೆ ಧಾರಾಳ ನೀರು.

ಸಣ್ಣದಾಗಿ ಕಾಣೋ ಆದರೆ ಸಣ್ಣದಲ್ಲದ ಎರಡು ಸಂಗತಿ ಬೇರೆ ಇವೆ. ನಾಯಿ ಉಗುರಿನ ಒಂದೇ ಒಂದು ಗೀರು ಬಿದ್ದರೂ 15 ನಿಮಿಷ ಸೋಪು ನೀರಲ್ಲಿ ತೊಳೆದು, ಅವತ್ತೇ ಲಸಿಕೆ. ಖಾರದ ಪುಡಿ, ಸುಣ್ಣ ಬೇಡವೇ ಬೇಡ. ಚೇಳು ಕುಟುಕಿದರೆ ದೊಡ್ಡವರು ನೋವು ತಿಂದು ಸುಧಾರಿಸಿಕೊಳ್ಳಬಹುದು, ಪುಟ್ಟ ಮಕ್ಕಳಲ್ಲಿ ವಿಷ ಹೃದಯಕ್ಕೇ ಪೆಟ್ಟು ಕೊಡಬಹುದು. ಮಹಾರಾಷ್ಟ್ರದ ಮಹಾಡ್ ಅನ್ನೋ ಸಣ್ಣ ಊರಿನ ಡಾ. ಹಿಮ್ಮತ್‌ರಾವ್ ಬಾವಸ್ಕರ್, ರಕ್ತದೊತ್ತಡಕ್ಕೆ ಕೊಡೋ ಪ್ರಾಝೋಸಿನ್ ಮಾತ್ರೆಯಿಂದ ಈ ಸಾವುಗಳನ್ನ ತಡೆಯಬಹುದು ಅಂತ ತೋರಿಸಿದವರು. ಆ ಔಷಧ ಕೆಲಸ ಮಾಡಬೇಕಾದರೆ ಮಗು ಬೇಗ ಆಸ್ಪತ್ರೆ ತಲುಪಬೇಕು.

ಇಷ್ಟೂ ಕಲಿಸಬಹುದಾದ ವಿಷಯ. ಕಲಿತರೂ ಕಷ್ಟವಾಗೋದು ಸಂಜೆ, ಅವ್ವ ಬಂದಾಗ. ಹಾನಗಲ್ ತಾಲೂಕಿನ ಒಂದು ಊರಲ್ಲಿ ಮಕ್ಕಳನ್ನ ನೋಡಿಕೊಳ್ಳೋ ಹೆಂಗಸೊಬ್ಬರನ್ನ ಇದನ್ನೇ ಕೇಳಿದ್ದೆ. ಅವರು ನಕ್ಕು ಹೇಳಿದ್ದು: “ಗಾಯಕ್ಕ ಅಂಜೂದಿಲ್ರಿ ನಾವು. ಅವರವ್ವ ‘ಏನಾತ ಯಕ್ಕಾ ಇದಕ್ಕ’ ಅಂತ ಕೇಳ್ತಾಳಲ್ಲ, ಅದಕ್ಕ ಅಂಜಿಕಿ.” ಈ ಅಂಜಿಕೆಯೇ ಮುಚ್ಚಿಡೋದಕ್ಕೆ ಕಾರಣ. ಮುಚ್ಚಿಟ್ಟರೆ ರಾತ್ರಿ ಮಗು ವಾಂತಿ ಮಾಡಿದಾಗ ಅವ್ವ ಅದನ್ನ ಅಜೀರ್ಣ ಅಂದುಕೊಳ್ಳುತ್ತಾಳೆ. ಬೆಳಗ್ಗೆ ಹನ್ನೊಂದಕ್ಕೆ ಬಿದ್ದ ಸಂಗತಿ ಗೊತ್ತಿದ್ದರೆ ಅದೇ ವಾಂತಿಗೆ ಬೇರೆ ಅರ್ಥ.

ಅದೇ ಹೆಂಗಸು ಕಂಡುಕೊಂಡಿದ್ದ ದಾರಿ ಸರಳ. ಅವ್ವ ಕೇಳೋಕೆ ಮೊದಲೇ, ಬಾಗಿಲಲ್ಲೇ ಹೇಳಿಬಿಡೋದು: “ಹನ್ನೊಂದರ ಸುಮಾರಿಗೆ ಕಟ್ಟಿ ಮ್ಯಾಲಿಂದ ಬಿದ್ದಾನವ್ವ. ತಣ್ಣೀರ ಬಟ್ಟಿ ಹಾಕೇನಿ. ಆಗಿಂದ ನೋಡಾಕತ್ತೇನಿ, ವಾಂತಿ ಇಲ್ಲ, ಉಂಡಾನ, ಆಡ್ಯಾನ. ರಾತ್ರಿ ಒಂದೆರಡ ಸಲ ಎಬ್ಬಿಸಿ ನೋಡು.” ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡಿದೆ, ಈಗ ಹೇಗಿದೆ, ಮುಂದೆ ಏನು ನೋಡಬೇಕು, ಎಲ್ಲ ಅದರಲ್ಲಿದೆ. ಇದನ್ನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವ್ವನ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡರೆ ಅದೇ ಅಪಘಾತ ರಿಜಿಸ್ಟರ್. ಸರದಿ ಬದಲಾದಾಗ ನಾಳೆಯವಳಿಗೂ ಅದೇ ನೆನಪು. ಒಂದೇ ಕಟ್ಟೆ ತಿಂಗಳಲ್ಲಿ ಮೂರು ಸಲ ಆ ಪುಸ್ತಕದಲ್ಲಿ ಬಂದರೆ ತಪ್ಪು ಮಕ್ಕಳದ್ದಲ್ಲ, ಕಟ್ಟೆಯದ್ದು ಅಂತಲೂ ಪಂಚಾಯಿತಿಗೆ ತೋರಿಸಬಹುದು. ಕಾರ್ಖಾನೆಗಳಲ್ಲಿ ಹೀಗೆ ಬರೆದಿಡೋದಕ್ಕೆ ಸೇಫ್ಟಿ ಆಫೀಸರ್ ಅಂತ ಒಬ್ಬರಿಗೆ ಸಂಬಳ ಕೊಡ್ತಾರೆ.

ಕಾನೂನು ಈ ಹೆಂಗಸನ್ನ ಎಲ್ಲಿ ನಿಲ್ಲಿಸುತ್ತೆ? ಅಪ್ಪ-ಅವ್ವನ ಒಪ್ಪಿಗೆ ಕೇಳೋ ಅವಕಾಶ ಇಲ್ಲದ ಹೊತ್ತಲ್ಲಿ, ಮಗುವಿನ ಒಳ್ಳೆಯದಕ್ಕೆ ಸದ್ಭಾವದಿಂದ ಮಾಡಿದ ಕೆಲಸ ಅಪರಾಧ ಅಲ್ಲ. ಹಿಂದೆ ಐಪಿಸಿಯ 92ನೇ ಸೆಕ್ಷನ್ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಸೆಕ್ಷನ್. ಅವ್ವನ ಫೋನ್ ಹತ್ತದಿದ್ದರೂ ಮಗುವನ್ನ ಆಸ್ಪತ್ರೆಗೆ ಒಯ್ಯೋಕೆ ಹಿಂಜರಿಯಬೇಕಿಲ್ಲ. ನಿರ್ಲಕ್ಷ್ಯಕ್ಕೆ ಇದು ರಕ್ಷಣೆ ಕೊಡಲ್ಲ, ಅದು ಬೇರೆ ಮಾತು.

ಹೆಚ್ಚು ಮುಖ್ಯವಾದದ್ದು ನರೇಗಾ ಕಾಯ್ದೆಯ ಎರಡನೇ ಷೆಡ್ಯೂಲ್. ಕೆಲಸದ ಜಾಗದಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮಕ್ಕಳಿಗೆ ನೆರಳು, ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ದರೆ ನೋಡಿಕೊಳ್ಳೋಕೆ ಒಬ್ಬಾಕೆಯನ್ನ ನೇಮಿಸೋದು 2005ರ ಮೂಲ ಕಾಯ್ದೆಯಲ್ಲೇ ಇತ್ತು. ಕೂಲಿಕಾರರ ಜೊತೆ ಬಂದ ಮಗುವಿಗೆ ಅಪಘಾತದಲ್ಲಿ ಗಾಯವಾದರೆ ಉಚಿತ ಚಿಕಿತ್ಸೆ ಹಕ್ಕು ಅಂತಲೂ ಆ ಷೆಡ್ಯೂಲಿನಲ್ಲಿತ್ತು. ಆದರೆ ಅಲ್ಲಿರೋ ಮಾತು ‘ಜೊತೆ ಬಂದ ಮಗು’. ಕೂಸಿನ ಮನೆ ಇರೋದು ಊರೊಳಗೆ, ಅವ್ವ ಇರೋದು ಕೆರೆ ಹೂಳೆತ್ತೋ ಕಡೆ. ಬಿಸಿಲಲ್ಲಿ ಮಗುವನ್ನ ಒಯ್ದಿದ್ದರೆ ಸಿಗೋ ಹಕ್ಕು, ಸರ್ಕಾರವೇ ತೆರೆದ ಸುರಕ್ಷಿತ ಜಾಗದಲ್ಲಿ ಬಿಟ್ಟರೆ ತಪ್ಪಬೇಕಾ? ತಪ್ಪಬಾರದು ಅನ್ನೋದು ನನ್ನ ವಾದ. ಅದನ್ನ ಸ್ಪಷ್ಟಪಡಿಸೋಕೆ ಗ್ರಾಮೀಣಾಭಿವೃದ್ಧಿ ಇಲಾಖೆಯ ಒಂದು ಸುತ್ತೋಲೆ ಸಾಕು. ಓಣಿಯ ಅಜ್ಜಿಗಂತೂ ಈ ಯಾವ ಕಾಗದದಲ್ಲೂ ಜಾಗ ಇಲ್ಲ, ಹೆಚ್ಚಿನ ಕೂಸುಗಳು ಇವತ್ತಿಗೂ ಇರೋದು ಅವಳ ಮಡಿಲಲ್ಲೇ. ಕೂಸಿನ ಮನೆಯವರಿಗೆ ಕೊಡೋ ತರಬೇತಿಗೆ ಅವಳನ್ನೂ ಕೂರಿಸೋಕೆ ಪಂಚಾಯಿತಿಗೆ ಖರ್ಚಾಗೋದು ಒಂದು ಕುರ್ಚಿ, ಒಂದು ಊಟ.

ಈ ನಾಲ್ಕು ತಾಲೂಕುಗಳವರು ಇದನ್ನ ಓದುತ್ತಿದ್ದರೆ, ಖಾತ್ರಿ ಕೆಲಸದ ಸಾಮಾಜಿಕ ಪರಿಶೋಧನೆ ಗ್ರಾಮಸಭೆಯಲ್ಲೇ ನಡೆಯಬೇಕು ಅನ್ನೋದು ಗೊತ್ತಿರಲಿ. ಅಲ್ಲಿ ಕೂಲಿ ಬಾಕಿ ಕೇಳೋ ಜೊತೆಗೆ ಕೂಸಿನ ಮನೆಯ ಪ್ರಥಮ ಚಿಕಿತ್ಸೆ ಡಬ್ಬಿಯನ್ನೂ ಸಭೆಗೆ ತರಿಸಿ. ಮುಚ್ಚಳ ತೆಗೆದು ಮುಲಾಮಿನ ಎಕ್ಸ್‌ಪೈರಿ ಡೇಟ್ ಜೋರಾಗಿ ಓದಿ.