ಕೊಟ್ಟ ಮಾತೂ ಗುಟ್ಟಿನ ಪ್ರತಿಯೂ

‘ಪಾಪಭೀರು’ ಎಂಬ ಸುಂದರವಾದ ಮಾತು ದಿನೇ ದಿನೇ ಕೈಲಾಗದವನೆಂಬ ಅರ್ಥಕ್ಕೆ ಇಳಿಯುತ್ತಿರುವುದನ್ನು ವಾಚಕರು ಗಮನಿಸಿರಬಹುದು. ತೂಕದಲ್ಲಿ ಒಂದು ಗುಂಜಿ ಹೆಚ್ಚೇ ಇಡುವ ವರ್ತಕನಿಗೆ ಬಂಟವಾಳದ ಪೇಟೆಯಲ್ಲಿಯೂ ವ್ಯವಹಾರ ತಿಳಿಯದವನೆಂಬ ಹೆಸರು. ಬೆಳ್ತಂಗಡಿಯ ಸೀಮೆಯಲ್ಲಿ ‘ಮಾತು ಬಿಡ ಮಂಜುನಾಥ’ ಎಂಬ ನಾಣ್ಣುಡಿ ಇನ್ನೂ ಬದುಕಿದೆ. ಧರ್ಮಸ್ಥಳದ ಆಣೆಯೆಂದೊಡನೆ ಮೊಂಡನೂ ಮೆತ್ತಗಾಗುವನು. ಆದರೆ ಆಣೆಗೆ ಅಂಜುವುದು ಬೇರೆ, ಆಣೆಯಿಡಿಸುವವರೇ ಇಲ್ಲದೆಡೆಯಲ್ಲಿ ಅಂಜುವುದು ಬೇರೆ. ಈ ಎರಡನೆಯದಕ್ಕೆ ಮೂಡಬಿದಿರೆಯ ಧವಲಗ್ರಂಥದ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ.

ವೀರಸೇನಾಚಾರ್ಯರು ಷಟ್ಖಂಡಾಗಮಕ್ಕೆ ಬರೆದ ಈ ಟೀಕೆಯು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಹಳೆಯ ಕನ್ನಡ ಲಿಪಿಯ ತಾಡವೋಲೆಗಳಲ್ಲಿ ಶತಮಾನಗಳ ಕಾಲ ಉಳಿದಿತ್ತು. ಭಕ್ತರಿಗೆ ದರ್ಶನವಿತ್ತೇ ಹೊರತು ಓದಿಗೆ ಅವಕಾಶವಿರಲಿಲ್ಲ. ಓಲೆಗಳು ಶಿಥಿಲವಾಗುತ್ತಿರುವುದಕ್ಕೆ ಕಳವಳಗೊಂಡ ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು ಭಟ್ಟಾರಕರನ್ನೂ ಪಂಚರನ್ನೂ ಒಪ್ಪಿಸಿ, ಹಣ ಕೂಡಿಸಿ, 19ನೆಯ ಶತಮಾನದ ಕಡೆಯ ವರ್ಷಗಳಲ್ಲಿ ಪ್ರತಿ ಮಾಡಿಸತೊಡಗಿದರು. ಪ್ರತಿಯು ಊರಿನಿಂದ ಹೊರಗೆ ಹೋಗಕೂಡದೆಂಬುದು ಕರಾರು. ಲಿಪಿಕಾರರಲ್ಲೊಬ್ಬರಾದ ಗಜಪತಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯ ಇನ್ನೊಂದು ಪ್ರತಿಯನ್ನು ಮಾಡಿಕೊಂಡು, ಅದನ್ನು ಸೊಲ್ಲಾಪುರಕ್ಕೆ ಒಯ್ದರು.

ಹೀರಾಚಂದರು ಅದನ್ನು ಮುಟ್ಟಲೊಲ್ಲದೆ ಹೋದರು! ಹಂಬಲಿಸಿದ ಗ್ರಂಥವೇ ಬಾಗಿಲಿಗೆ ಬಂದಿತ್ತು, ಕದ್ದವರು ತಾವಲ್ಲ, ಕೇಳುವವರೂ ಎದುರಿಗಿರಲಿಲ್ಲ. ಮಿತ್ರರಾದ ಸೇಠ್ ಮಾಣಿಕಚಂದರಿಗೂ ಅದನ್ನು ತೆಗೆದುಕೊಳ್ಳಬೇಡಿರೆಂದು ಬರೆದರಂತೆ. ಮೂಡಬಿದಿರೆಯವರಿಗೆ ಕೊಟ್ಟಿದ್ದ ಮಾತೇ ಇದಕ್ಕೆ ಕಾರಣವಿರಬೇಕೆಂದು ಧವಲದ ಸಂಪಾದಕರಾದ ಹೀರಾಲಾಲ ಜೈನರು ಊಹಿಸಿದ್ದಾರೆ.

ಪ್ರತಿಯು ಕೊನೆಗೆ ಸಹಾರನಪುರವನ್ನು ಸೇರಿತು. ಅದರಿಂದಾದ ನಾಗರೀ ಪ್ರತಿಗಳು ಹರಡಿ, 1939ರಲ್ಲಿ ಅಮರಾವತಿಯಿಂದ ಮೊದಲ ಸಂಪುಟವು ಪ್ರಕಟವಾಯಿತು. ಲೋಕಕ್ಕೆ ಗ್ರಂಥ ದೊರೆತದ್ದು ಶಾಸ್ತ್ರಿಗಳ ಗುಟ್ಟಿನಿಂದ. ಇದನ್ನು ಮರೆಮಾಚಿ ಫಲವಿಲ್ಲ. ಹಾಗಾದರೆ ಸೇಠರದು ಬರಿಯ ಮಡಿವಂತಿಕೆಯೇ? ನಾವು ಹಾಗೆನ್ನಲಾರೆವು. ಯಾರಿಗೂ ತೆರೆಯದ ಪೆಟ್ಟಿಗೆಯನ್ನು ಬಸದಿಯವರು ತೆರೆದದ್ದು ಅವರ ಮಾತನ್ನು ನಂಬಿ. ಗ್ರಂಥ ಎಷ್ಟೇ ದೊಡ್ಡದಿರಲಿ, ಆ ನಂಬಿಕೆಯನ್ನು ಮಾರಿ ಅದನ್ನು ಕೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಗ್ರಂಥ ಉಳಿಯಬೇಕೆಂದು ಹೊರಟವರೂ ಅವರೇ ಎಂಬುದನ್ನು ಟೀಕಿಸುವವರು ಮರೆಯದಿರಲಿ.

ಮುಂದೆ ಮೂಡಬಿದಿರೆಯವರೇ ಮೂಲದ ಓಲೆಗಳೊಡನೆ ಪಾಠವನ್ನು ತಾಳೆನೋಡಲು ಒಪ್ಪಿದರು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರಿಗೆ ಸಂಶಯವಿತ್ತು. ಆ ಪದಕ್ಕಾಗಿ ಪಂಡಿತರಲ್ಲಿ ದೊಡ್ಡ ವಾದವೇ ನಡೆದಿತ್ತು. ಓಲೆಯನ್ನು ಬಿಚ್ಚಿ ನೋಡಿದಾಗ ಪದವು ಅದರಲ್ಲಿತ್ತು.